ಬೆಟ್ಟ ಹತ್ತುವವನು ಮೊದಲು ಕೂರಬೇಕು

ಎಡಗೈಯ ಮೇಲೆ ಆರು ತಟ್ಟೆ ಸಾಲಾಗಿ ಜೋಡಿಸಿಕೊಂಡು, ಬಲಗೈಯಲ್ಲಿ ನೀರಿನ ಜಗ್ಗು ಹಿಡಿದು, ಸೊಂಟದಿಂದಲೇ ಬಾಗಿಲು ತಳ್ಳಿ ಅಡುಗೆಮನೆಯಿಂದ ಹೊರಬರುವುದು ಎಲ್ಲರ ಕೈಲಾಗುವ ಮಾತಲ್ಲ. ಆ ಹೋಟೆಲಿನಲ್ಲಿ ಅದು ಒಬ್ಬನ ಕೈಲಿ ಮಾತ್ರ ಆಗುತ್ತಿತ್ತು. ಹಾಗಾಗಿ ಅವನಿಗೆ ತಟ್ಟೆಯಣ್ಣ ಎಂದು ಹೆಸರು ಬಿತ್ತು. ಹೆತ್ತವರು ಇಟ್ಟ ಹೆಸರು ಬೇರೆಯೇ ಒಂದಿತ್ತು ನಿಜ, ಆದರೆ ಅದನ್ನು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ.

ಸಪ್ಲೈಯರ್ ಕೆಲಸಕ್ಕೆ ಸೇರಿದಾಗ ಅವನಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಈಗ ಅದು ನರೆತು, ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವು. ಇಷ್ಟೂ ವರ್ಷದಲ್ಲಿ ಅವನು ಹೋಟೆಲಿನಲ್ಲಿ ಕೂತದ್ದನ್ನು ಕಂಡವರಿಲ್ಲ. ಬಾಗಿಲ ಹಿಂದೆ ಸಪ್ಲೈಯರುಗಳಿಗೆಂದೇ ಒಂದು ಸ್ಟೂಲು ಇತ್ತು. ಅದರ ಮೇಲೆ ಅವನು ಟೇಬಲ್ಲು ಒರೆಸುವ ಬಟ್ಟೆಗಳನ್ನು ಮಡಿಸಿ ಇಡುತ್ತಿದ್ದ. ಕೆಲಸದ ಹೊತ್ತಿನಲ್ಲಿ ನೀರು ಕುಡಿಯುತ್ತಿರಲಿಲ್ಲ. ಕುಡಿದವನು ಹೋಗಬೇಕಾಗುತ್ತದೆ, ಹೋದವನ ಟೇಬಲ್ಲುಗಳು ದಿಕ್ಕಿಲ್ಲದಂತಾಗುತ್ತವೆ ಎನ್ನುವುದು ಅವನ ಲೆಕ್ಕಾಚಾರ. ಊಟವೆಂದರೆ ಕೊನೆಯ ಟೇಬಲ್ಲು ಒರೆಸಿದ ಮೇಲೆ, ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕದಲ್ಲಿ ನಿಂತುಕೊಂಡು, ತಣ್ಣಗಾದದ್ದನ್ನು ನಾಲ್ಕು ತುತ್ತಿಗೆ ಮುಗಿಸುವುದು. ಇದನ್ನು ಅವನು ಕಷ್ಟ ಎಂದುಕೊಂಡಿರಲಿಲ್ಲ. ಹೆಮ್ಮೆ ಎಂದುಕೊಂಡಿದ್ದ, ಅದೇ ಆದ ಅನಾಹುತ.

ಇಂಥವನಿಗೆ ಬೆಟ್ಟದ ಹುಚ್ಚು ಹಿಡಿಯಲು ಎದುರುಗಡೆಯ ಆಫೀಸು ಕಾರಣ. ರಸ್ತೆಯ ಆಚೆ ಬದಿಯಲ್ಲಿ, ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ, ಜನರನ್ನು ಪರದೇಶದ ಎತ್ತರದ ಬೆಟ್ಟಗಳಿಗೆ ಕರೆದುಕೊಂಡು ಹೋಗುವವರದೊಂದು ಆಫೀಸಿತ್ತು. ಹೊರಡುವ ಹಿಂದಿನ ದಿನ ಆ ಗುಂಪು ಈ ಹೋಟೆಲಿನಲ್ಲೇ ಊಟ ಮಾಡುತ್ತಿತ್ತು, ವಾಪಸು ಬಂದ ದಿನವೂ ಇಲ್ಲೇ. ಹೋಗುವಾಗ ಗಲಗಲ ಮಾತು, ಫೋಟೋ, ನಗು. ಬರುವಾಗ ಮೂಗಿನ ಸಿಪ್ಪೆ ಸುಲಿದು, ತುಟಿ ಒಡೆದು, ಅದೇ ಜನ ಮೆಲ್ಲಗೆ ಕೂತು ಮೆಲ್ಲಗೆ ಉಣ್ಣುತ್ತಿದ್ದರು. ಊಟದ ನಡುವೆ ಸುಮ್ಮಸುಮ್ಮನೆ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಇವರೆಲ್ಲ ಅಲ್ಲಿ ಮೇಲೆ ಏನು ನೋಡಿ ಬಂದರು? ಗಿರಾಕಿಗಳನ್ನು ಕೇಳುವ ಹಾಗಿಲ್ಲ. ಕೇಳಿದರೂ ಉತ್ತರ ಬರುವ ಹೊತ್ತಿಗೆ ಪಕ್ಕದ ಟೇಬಲ್ಲಿನವರು ಕರೆದಿರುತ್ತಾರೆ. ಹೀಗೆ ಆಸೆ ಹೊಟ್ಟೆಯಲ್ಲೇ ಕೂತು ಬೆಳೆಯಿತು. ನಿವೃತ್ತಿ ಹತ್ತಿರವಾಗುತ್ತಲೇ ತಟ್ಟೆಯಣ್ಣ ಒಂದು ಮಧ್ಯಾಹ್ನ ಭುಜದ ಮೇಲಿನ ಬಟ್ಟೆ ತೆಗೆದಿಟ್ಟು ರಸ್ತೆ ದಾಟಿದ.

ಗುಂಪುಗಳನ್ನು ಕರೆದೊಯ್ಯುತ್ತಿದ್ದುದು ಒಬ್ಬ ಹೆಂಗಸು. ಎಲ್ಲರೂ ಅವಳನ್ನು ಗೈಡಮ್ಮ ಎನ್ನುತ್ತಿದ್ದರು. ಗಟ್ಟಿ ಆಳು, ಮಾತು ಕಡಿಮೆ, ಬಿಸಿಲಿಗೆ ಸುಟ್ಟ ಕೆನ್ನೆ. ತಟ್ಟೆಯಣ್ಣನನ್ನು ಅವಳು ವರ್ಷಗಟ್ಟಲೆ ನೋಡಿದವಳು. ಅವನ ಆಸೆ ಕೇಳಿ ಅವಳ ಮುಖ ಅರಳಿತು. ಇಂಥ ಕಾಲು ಸಿಕ್ಕಿದರೆ ತನಗೆ ಅರ್ಧ ಕೆಲಸ ಉಳಿಯಿತು ಎಂದಳು. ಸಮುದ್ರದಾಚೆಯ ದೇಶ, ತಲೆಯ ಮೇಲೆ ಮಂಜುಗಡ್ಡೆ ಹೊತ್ತ ಬೆಟ್ಟ. ಹತ್ತಿ ಇಳಿದ ಮೇಲೆ ಹುಲ್ಲುಗಾವಲಿನಲ್ಲಿ ಸಫಾರಿ, ಜೀಪಿನಲ್ಲಿ ಕೂತು ಆನೆ, ಸಿಂಹ ನೋಡುವುದು. ಹೋಗುವ ಮೊದಲು ಇಲ್ಲಿಯೇ ಎರಡು ತಾಲೀಮು. ಅದರಲ್ಲಿ ಪಾಸಾದವರಿಗೆ ಮಾತ್ರ ವಿಮಾನ.

ಸಿದ್ಧತೆ ಶುರುವಾಯಿತು. ಹೊಸ ಬೂಟು ಕಾಲಿಗೆ ಒಗ್ಗಬೇಕೆಂದು ಹೋಟೆಲಿಗೇ ಹಾಕಿಕೊಂಡು ಬರತೊಡಗಿದ. ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತಿದ್ದವನು ಈಗ ಬಂದರೆ ಕುದುರೆ ಒಳಗೆ ನುಗ್ಗಿದ ಹಾಗೆ ಗಿರಾಕಿಗಳು ತಲೆ ಎತ್ತಿ ನೋಡುತ್ತಿದ್ದರು. ಗಲ್ಲಾದಲ್ಲಿ ಕೂತ ಯಜಮಾನರು ಹಣೆ ಚಚ್ಚಿಕೊಂಡರೇ ಹೊರತು ಬೇಡ ಎನ್ನಲಿಲ್ಲ. ಬೆನ್ನುಚೀಲಕ್ಕೆ ಅಡುಗೆಮನೆಯ ಆಲೂಗೆಡ್ಡೆ ತುಂಬಿಕೊಂಡು ತಾನಿದ್ದ ಕಟ್ಟಡದ ಮೆಟ್ಟಿಲು ಹತ್ತಿ ಇಳಿದ. ಮೇಲಿನ ಮನೆಯವರು ಅವನು ಆಲೂಗೆಡ್ಡೆ ಮಾರಲು ಬಂದಿದ್ದಾನೆಂದು ಎರಡು ಸಲ ಬಾಗಿಲು ತೆರೆದರು.

ಮನೆಯಲ್ಲಿ ಇದ್ದದ್ದು ಮೂರೇ ಜನ. ಅವನು, ಅವನ ಹೆಂಡತಿ, ಹೆಂಡತಿಯ ತಾಯಿ. ಹೆಂಡತಿಗೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ. ದಿನವಿಡೀ ಗಾಜಿನ ಹಿಂದೆ ಕೂತೇ ಇರಬೇಕು. ಇವನು ನಿಂತು ನಿಂತು ಸವೆದರೆ ಅವಳು ಕೂತು ಕೂತು ಸವೆದಿದ್ದಳು. ಮನೆಯಲ್ಲೂ ತಟ್ಟೆಯಣ್ಣನೇ ಬಡಿಸುವುದು. ಹೆಂಡತಿಗೂ ಅತ್ತೆಗೂ ಬಡಿಸಿ, ಅವರ ಲೋಟ ಬರಿದಾಗದಂತೆ ನೋಡಿಕೊಂಡು, ಕೊನೆಗೆ ಒಲೆಯ ಪಕ್ಕ ನಿಂತು ತಾನು ತಿನ್ನುತ್ತಿದ್ದ. ನೆರೆಮನೆಯ ಹೆಂಗಸರು, ನಿನ್ನಂಥ ಅದೃಷ್ಟ ಯಾರಿಗುಂಟು ಎಂದು ಅವಳ ಎದುರಿಗೇ ಹೊಟ್ಟೆಕಿಚ್ಚು ಪಡುತ್ತಿದ್ದರು. ಅವಳು ಹೌದೆನ್ನುತ್ತಲೂ ಇರಲಿಲ್ಲ, ಅಲ್ಲವೆನ್ನುತ್ತಲೂ ಇರಲಿಲ್ಲ.

ಮೊದಲ ತಾಲೀಮು ಊರಾಚೆಯ ಕಲ್ಲುಗುಡ್ಡದಲ್ಲಿ. ಜೊತೆಗೆ ಒಬ್ಬ ಹಲ್ಲಿನ ಡಾಕ್ಟರು, ಶಾಲೆಯಲ್ಲಿ ಪಾಠ ಹೇಳುವ ಅಕ್ಕತಂಗಿಯರಿಬ್ಬರು. ಗೈಡಮ್ಮ ಎಲ್ಲರಿಗಿಂತ ಹಿಂದೆ. ಡಾಕ್ಟರು ಅರ್ಧಕ್ಕೇ ಏದುಸಿರು ಬಿಡುತ್ತಾ ಪ್ರತಿ ಬಂಡೆಗೂ ಒಂದೊಂದು ನಮಸ್ಕಾರ ಹಾಕಿದಂತೆ ಬಗ್ಗಿ ನಿಲ್ಲುತ್ತಿದ್ದರು. ತಟ್ಟೆಯಣ್ಣ ಮಾತ್ರ ಟೇಬಲ್ಲಿನಿಂದ ಟೇಬಲ್ಲಿಗೆ ಹೋದಷ್ಟು ಸಲೀಸಾಗಿ ಗುಡ್ಡದ ತಲೆ ಮುಟ್ಟಿದ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ, ನನಗೆ ಹತ್ತಿರದ್ದೂ ನುಣ್ಣಗೇ ಇದೆಯಲ್ಲ ಎಂದು ಒಳಗೊಳಗೇ ಹಿಗ್ಗಿದ.

ಮೇಲೆ ವಿಶ್ರಾಂತಿ. ಎಲ್ಲರೂ ಕೂತು, ತಂದದ್ದನ್ನು ತಿಂದು ನೀರು ಕುಡಿಯಿರಿ ಎಂದು ಗೈಡಮ್ಮ ಹೇಳಿ, ಮುಂದಿನ ದಾರಿ ನೋಡಲು ಹೋದಳು. ಡಾಕ್ಟರು ಫ್ಲಾಸ್ಕಿನ ಮುಚ್ಚಳವನ್ನು ಅತ್ತ ಇತ್ತ ತಿರುಗಿಸಿ ಸೋಲುತ್ತಿದ್ದರು. ಅದನ್ನು ನೋಡಿಕೊಂಡು ಸುಮ್ಮನಿರುವುದು ತಟ್ಟೆಯಣ್ಣನಿಂದ ಆದೀತೆ? ಫ್ಲಾಸ್ಕು ತೆಗೆದುಕೊಂಡು ಒಂದು ಹನಿ ಚೆಲ್ಲದಂತೆ ಚಹಾ ಸುರಿದುಕೊಟ್ಟ. ಅಕ್ಕತಂಗಿಯರಿಗೆ ಕೂರಲು ಬಂಡೆ ಒರೆಸಿದ. ಕಿತ್ತಳೆ ಸುಲಿದ. ಬ್ರೆಡ್ಡು ಹಂಚಿದ. ಯಾರು ಎಷ್ಟು ಗುಟುಕು ಕುಡಿದರು, ಯಾರಿಗೆ ಇನ್ನೂ ಬೇಕು ಎಂಬುದೆಲ್ಲ ಅವನ ನಾಲಗೆಯ ತುದಿಯಲ್ಲಿತ್ತು. ಬೆಟ್ಟದ ಮೇಲೆ ಇಂಥ ಉಪಚಾರ ಎಲ್ಲೂ ಕಂಡಿಲ್ಲ ಎಂದು ಅಕ್ಕ ಹೊಗಳಿದಳು. ಅವನು ಸಿಪ್ಪೆ ಬಳಿದು ಚೀಲಕ್ಕೆ ತುಂಬಿ ಮುಗಿಸುವಷ್ಟರಲ್ಲಿ ಹೊರಡುವ ಹೊತ್ತಾಯಿತು. ಅವನ ನೀರಿನ ಬಾಟಲಿ ಬೆನ್ನುಚೀಲದಲ್ಲಿ, ಮುಚ್ಚಳವೂ ಅಲುಗದೆ, ಹಾಗೇ ಕೂತಿತ್ತು.

ಇಳಿಯುವಾಗ ಬಿಸಿಲು ಏರಿತ್ತು. ಮೊದಲು ಮೀನಖಂಡ ಹಿಡಿದುಕೊಂಡಿತು. ಆಮೇಲೆ ಕಣ್ಣಿಗೆ ಕತ್ತಲು ಕಟ್ಟಿತು. ಕೈಯಲ್ಲಿ ತಟ್ಟೆಯಿದ್ದಿದ್ದರೆ ಬೀಳುತ್ತಿರಲಿಲ್ಲವೋ ಏನೋ, ಬರಿಗೈಯಲ್ಲಿದ್ದ ತಟ್ಟೆಯಣ್ಣ ದಾರಿಯ ಮಧ್ಯೆ ಕುಸಿದ. ಕಣ್ಣು ಬಿಟ್ಟಾಗ ಡಾಕ್ಟರು ಟೋಪಿಯಿಂದ ಗಾಳಿ ಹಾಕುತ್ತಿದ್ದರು. ಗೈಡಮ್ಮ ಅವನ ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದಳು. ತುಂಬಿದ ಬಾಟಲಿ ಸದ್ದು ಮಾಡುವುದಿಲ್ಲ. ಮೇಲೆ ನಡೆದ ಉಪಚಾರದ ಕಥೆಯನ್ನು ಅಕ್ಕ ಆಗಲೇ ಅವಳಿಗೆ ಹೇಳಿಯಾಗಿತ್ತು. ಇವತ್ತು ಮೂತ್ರಕ್ಕೆ ಎಷ್ಟು ಸಲ ಹೋದಿರಿ, ಯಾವ ಬಣ್ಣ ಇತ್ತು ಎಂದು ಅಕ್ಕತಂಗಿಯರ ಎದುರಿಗೇ ಕೇಳಿಬಿಟ್ಟಳು. ತಟ್ಟೆಯಣ್ಣ ನಾಚಿ ನೀರಾದ. ಅವನ ಮೈಯಲ್ಲಿ ಉಳಿದಿದ್ದ ನೀರು ಅಷ್ಟೇ.

"ಅಣ್ಣಾ, ನಿಮ್ಮ ಕಾಲಿನ ಬಗ್ಗೆ ನನಗೆ ಅನುಮಾನ ಇಲ್ಲ, ಕೈ ಬಗ್ಗೆ ಇದೆ," ಎಂದಳು ಗೈಡಮ್ಮ, ಅವನು ಬಾಟಲಿ ಪೂರ್ತಿ ಕುಡಿಯುವ ತನಕ ಕಾದು. "ಆ ಎತ್ತರದಲ್ಲಿ ಹಸಿವು ಸತ್ತುಹೋಗುತ್ತೆ, ಬಾಯಾರಿಕೆನೂ ಸತ್ತುಹೋಗುತ್ತೆ. ಬೇಡ ಅನ್ಸಿದ್ರೂ ಕೂತು ತಿನ್ನಬೇಕು, ಕೂತು ಕುಡೀಬೇಕು. ಅಲ್ಲಿ ನಿಮಗೆ ಅಡುಗೆಯವರಿರ್ತಾರೆ, ಬಡಿಸೋರಿರ್ತಾರೆ. ನಿಮ್ಮ ಕೆಲಸ ನಡೆಯೋದು, ಬಡಿಸಿಕೊಳ್ಳೋದು, ಎರಡೇ. ಅದಾಗಲ್ಲ ಅಂದ್ರೆ ನಾನು ನಿಮ್ಮನ್ನ ಕರ್ಕೊಂಡು ಹೋಗಲ್ಲ."

ತಿಂಗಳ ನಂತರ ಎರಡನೆಯ ತಾಲೀಮು, ಇದಕ್ಕಿಂತ ಎತ್ತರದ ಜಾಗದಲ್ಲಿ, ಟೆಂಟಿನಲ್ಲಿ ಮಲಗಿ. ಅಲ್ಲಿ ಅವನು ಇನ್ನೊಬ್ಬರ ಲೋಟ ಮುಟ್ಟಿದ್ದು ಕಂಡರೆ ಅವನ ಜಾಗ ಬೇರೆಯವರಿಗೆ ಹೋಗುತ್ತದೆ. ಸಫಾರಿಯೂ ಅಷ್ಟೇ, ಜೀಪಿನಲ್ಲಿ ಕೂತಲ್ಲಿಂದ ಏಳುವಂತಿಲ್ಲ, ಎದ್ದು ಸಿಂಹಕ್ಕೆ ಏನು ಬೇಕು ಎಂದು ವಿಚಾರಿಸಲು ಹೋದರೆ ಬಡಿಸಬೇಕಾದ ಪದಾರ್ಥ ನೀವೇ ಆಗುತ್ತೀರಿ ಎಂದಳು. ಡಾಕ್ಟರು ನಕ್ಕರು. ತಟ್ಟೆಯಣ್ಣನಿಗೆ ನಗು ಬರಲಿಲ್ಲ. ಇಷ್ಟು ವರ್ಷ ಯಾವುದರಿಂದ ಎಲ್ಲರ ಬಾಯಲ್ಲಿ ಭೇಷ್ ಅನ್ನಿಸಿಕೊಂಡಿದ್ದನೋ ಅದೇ ಅವನ ಕಾಲಿಗೆ ತೊಡರಾಗಿತ್ತು. ಅವಮಾನಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಆ ಬೆಟ್ಟ ಕೈತಪ್ಪಿದರೆ ನಿವೃತ್ತಿಯಾದ ಮೇಲೆ ಎದುರುನೋಡಲು ಅವನಿಗೆ ಬೇರೇನೂ ಇರಲಿಲ್ಲ.

ಕಾಲು ಉಳುಕಿತು ಎಂದು ಮನೆಯಲ್ಲಿ ಹೇಳಿದರಾಯಿತು ಎಂದುಕೊಂಡು ಬಂದ. ಆದರೆ ಅವನು ಚಾಪೆ ಕೆಳಗೆ ತೂರಿದರೆ ಗೈಡಮ್ಮ ರಂಗೋಲಿ ಕೆಳಗೆ ತೂರುವವಳು. ಅವನು ಮನೆ ಮುಟ್ಟುವ ಮೊದಲೇ ಅವಳ ಫೋನು ಮುಟ್ಟಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಸಾಕಾದ ಮೇಲೆ, ಅಂತೂ ಇದನ್ನು ಹೇಳುವವರು ಒಬ್ಬರು ಸಿಕ್ಕರಲ್ಲ ಎಂದು ಒಳಗೆ ಹೋದಳು. ಆ ಮಾತಿನಲ್ಲಿ ನಗು ಇರಲಿಲ್ಲ.

ಮರುದಿನದಿಂದಲೇ ತರಬೇತಿ. ಊಟದ ಟೇಬಲ್ಲನ್ನು ಹೆಂಡತಿ ಗೋಡೆಯ ಮೂಲೆಗೆ ನೂಕಿದಳು. ಮೂಲೆಯ ಕುರ್ಚಿಯಲ್ಲಿ ಅವನು. ಅವನು ಹೊರಬರಬೇಕಾದರೆ ಪಕ್ಕದ ಕುರ್ಚಿಯವರು ಏಳಬೇಕು. ಆ ಕುರ್ಚಿಯಲ್ಲಿ ಅತ್ತೆಯನ್ನು ಕೂರಿಸಿದಳು. ಅತ್ತೆಗೆ ಮಂಡಿನೋವು. ಕೂತರೆ ಏಳಲು ಅರ್ಧ ಗಂಟೆ, ಎದ್ದರೆ ಕೂರಲು ಇನ್ನರ್ಧ. ಲೋಕದಲ್ಲಿ ಎಂಥ ಗಂಡಸಾದರೂ ಹೆಂಡತಿಯನ್ನು ಎಬ್ಬಿಸಿಯಾನು, ಅತ್ತೆಯನ್ನು ಎಬ್ಬಿಸಲಾರ. ತಟ್ಟೆಯಣ್ಣ ಸಿಕ್ಕಿಬಿದ್ದ.

ಮೊದಲ ದಿನಗಳು ನರಕ. ಹೆಂಡತಿ ಬಡಿಸುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. ತಟ್ಟೆಯ ಅಂಚಿಗೆಲ್ಲ ಸಾರು ತಾಗಿಸುತ್ತಾಳೆ, ಲೋಟವನ್ನು ತುಟಿಯಿಡುವ ಅಂಚಿನಲ್ಲೇ ಹಿಡಿದು ಇಡುತ್ತಾಳೆ, ಸೌಟನ್ನು ಪಾತ್ರೆಯಲ್ಲೇ ಮುಳುಗಿಸಿಬಿಡುತ್ತಾಳೆ. ಗಾಜಿನ ಕಿಂಡಿಯೊಳಗಿನಿಂದ ಟಿಕೆಟ್ ತಳ್ಳಿದ ಹಾಗೆ ತಟ್ಟೆ ತಳ್ಳುತ್ತಾಳೆ. ಅವನ ಕೈ ಎರಡು ಸಲ ಜಗ್ಗಿನತ್ತ ಹೋಯಿತು. ಎರಡು ಸಲವೂ ಅತ್ತೆ ಚಮಚದಿಂದ ಬೆರಳಿನ ಗೆಣ್ಣಿಗೆ ಕುಟ್ಟಿದರು. ಮೂರನೆಯ ಸಲ ಅವನೇ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಮ್ಮ ಅಳಿಯಂದಿರಿಗೆ ಬಡಿಸೋದೊಂದು ಬಿಟ್ಟು ಎರಡೂ ಗೊತ್ತಿಲ್ಲ," ಎಂದು ಅತ್ತೆ ತಮ್ಮಷ್ಟಕ್ಕೆ ಹೇಳಿಕೊಂಡರು, ಬೀದಿಗೆಲ್ಲ ಕೇಳುವ ಹಾಗೆ.

ನಿಧಾನವಾಗಿ ಒಂದೊಂದೇ ಸಂಗತಿ ತಿಳಿಯುತ್ತ ಬಂತು. ಬಿಸಿ ಊಟಕ್ಕೆ ಬೇರೆಯೇ ರುಚಿಯಿದೆ. ನೀರು ಕುಡಿದರೆ ಸಂಜೆಯ ತಲೆನೋವು ಬರುವುದಿಲ್ಲ. ಆ ತಲೆನೋವನ್ನು ಅವನು ವಯಸ್ಸಿನ ಲೆಕ್ಕಕ್ಕೆ ಹಾಕಿಕೊಂಡಿದ್ದ. ಊಟ ಮಾಡುವಾಗ ಹೆಂಡತಿ ಬಲಗಡೆಯ ಹಲ್ಲಿನಲ್ಲೇ ಅಗಿಯುತ್ತಾಳೆ, ಎಡಗಡೆ ಒಂದು ಹಲ್ಲಿಲ್ಲ. ಅದು ಯಾವಾಗ ಹೋಯಿತು ಎಂದು ಕೇಳಿದ. ಹೋಗಿ ನಾಲ್ಕು ವರ್ಷವಾಯಿತು ಎಂದಳು. ತಟ್ಟೆಯಣ್ಣ ತುತ್ತು ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಅಗಿಯುವುದನ್ನೇ ಬಿಟ್ಟ.

ಒಂದು ಭಾನುವಾರದ ಮಧ್ಯಾಹ್ನ, ಊಟ ಅರ್ಧವಾಗಿದ್ದಾಗ, ಮಾತು ಎಲ್ಲಿಂದಲೋ ಹೊರಳಿ ಅವಳ ಆಫೀಸಿನ ಸಾಹೇಬರ ಮೇಲೆ ಬಂತು. ಬಸ್ ಕಂಪನಿಯ ಆ ಸಾಹೇಬರು ವಾರಕ್ಕೊಮ್ಮೆ ಹೋಟೆಲಿಗೆ ಬರುವವರು. ಅವರೆಂದರೆ ತಟ್ಟೆಯಣ್ಣನಿಗೆ ಆಗುತ್ತಿರಲಿಲ್ಲ. ಹತ್ತು ಹನ್ನೊಂದು ವರ್ಷದ ಹಿಂದೆ ಬೆಟ್ಟದ ದಾರಿಯ ನಿಲ್ದಾಣವೊಂದಕ್ಕೆ ಮುಖ್ಯಸ್ಥರು ಬೇಕಾಗಿದ್ದಾಗ ಹೆಂಡತಿಯ ಹೆಸರೂ ಓಡಾಡಿತ್ತು. ಕೊನೆಗೆ ಕೆಲಸ ಬೇರೊಬ್ಬರಿಗೆ ಹೋಯಿತು. ಸಾಹೇಬರು ಅನ್ಯಾಯ ಮಾಡಿದರು ಎಂದು ತಟ್ಟೆಯಣ್ಣ ಆಗಲೇ ತೀರ್ಪು ಕೊಟ್ಟುಕೊಂಡಿದ್ದ. ಅಂದಿನಿಂದ ಅವರಿಗೆ ಬಾಗಿಲ ಪಕ್ಕದ, ಒಂದು ಕಾಲು ಗಿಡ್ಡವಿದ್ದ ಟೇಬಲ್ಲು. ಚಹಾ ಆರಿದ ಮೇಲೆಯೇ ತಂದಿಡುವುದು. ಈ ಪರಾಕ್ರಮವನ್ನು ಅವನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಈಗ ಎದೆಯುಬ್ಬಿಸಿ ಹೇಳಿದ.

ಹೆಂಡತಿ ಚಮಚ ಕೆಳಗಿಟ್ಟಳು.

"ಆ ಮನುಷ್ಯ ಏನು ತಪ್ಪು ಮಾಡಿದ್ರು? ಅವರು ಕೆಲಸ ಕೊಟ್ಟಿದ್ರು ಕಣ್ರೀ. ಬೇಡ ಅಂದಿದ್ದು ನಾನು."

ತಟ್ಟೆಯಣ್ಣ ಏಳಲು ಹೋದ. ಮಂಡಿ ಟೇಬಲ್ಲಿಗೆ ಬಡಿಯಿತು. ಪಕ್ಕದಲ್ಲಿ ಅತ್ತೆ ಬಂಡೆಯಂತೆ ಕೂತಿದ್ದರು. ಅವನು ಮತ್ತೆ ಕೂತ. ಕೂತದ್ದರಿಂದ ಉಳಿದದ್ದನ್ನು ಕೇಳಿಸಿಕೊಳ್ಳಬೇಕಾಯಿತು.

ಕೆಲಸ ಸಿಕ್ಕಿದ ಸಂಜೆ ಅವಳು ಓಡುತ್ತಲೇ ಮನೆಗೆ ಬಂದಿದ್ದಳು. ಅಲ್ಲಿ ಇರಲು ಮನೆ ಕೊಡುತ್ತಿದ್ದರು. ಹಿಂಬಾಗಿಲು ತೆರೆದರೆ ಕಣಿವೆ. ಗಾಜಿನ ಹಿಂದೆ ಕೂರುವ ಕೆಲಸ ಮುಗಿದು ಬಸ್ಸುಗಳ ನಡುವೆ ಓಡಾಡುವ ಕೆಲಸ. ನಿಲ್ದಾಣದ ಎದುರಿಗೇ ದೊಡ್ಡ ಹೋಟೆಲು, ಅವನಿಗೂ ಅಲ್ಲಿ ಕೆಲಸ ಸಿಗುತ್ತಿತ್ತು. ಇದನ್ನೆಲ್ಲ ಊಟದ ಹೊತ್ತಿಗೆ ಹೇಳಿ, ಹೋಗೋಣವಾ ಎಂದು ಅವನ ಮುಖ ನೋಡಿದ್ದಳು. ಅತ್ತೆಯ ಲೋಟ ಖಾಲಿಯಾಗಿತ್ತು. ಅವನು, ಒಂದು ನಿಮಿಷ ಎಂದು ಜಗ್ಗು ತರಲು ಒಳಗೆ ಹೋದ. ಬಂದವನು ಅತ್ತೆಗೆ ನೀರು ಹಾಕಿ, ಉಪ್ಪು ಸರಿಯಾಗಿದೆಯಾ ಎಂದು ಕೇಳಿ, ಖಾಲಿ ತಟ್ಟೆ ಎತ್ತಿಕೊಂಡು ಮತ್ತೆ ಒಳಗೆ ಹೋದ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಪಾತ್ರೆ ತೊಳೆಯುವ ಸದ್ದು ಕೇಳಿಸಿತು. ಮಾರನೆಯ ದಿನ ಆಫೀಸಿಗೆ ಹೋಗಿ, ಮನೆಯ ಕಡೆ ಅನುಕೂಲವಿಲ್ಲ ಎಂದು ಹೇಳಿಬಂದಳು.

"ನಾನು ಕೇಳಿಸ್ಕೊಂಡೇ ಇಲ್ಲ," ಎಂದ ತಟ್ಟೆಯಣ್ಣ.

"ಈಗ ಗೊತ್ತು. ಆವತ್ತು ಗೊತ್ತಿರಲಿಲ್ಲ. ನಿಮಗೆ ಇಷ್ಟ ಇಲ್ಲ, ಅದಕ್ಕೇ ಎದ್ದು ಹೋದ್ರಿ ಅಂದ್ಕೊಂಡೆ."

"ಇನ್ನೊಂದು ಸಲ ಕೇಳಬಾರದಿತ್ತಾ?"

"ಕೂತು ಉಣ್ಣೋರನ್ನ ಎಬ್ಬಿಸಬಾರದು ಅಂತ ಚಿಕ್ಕಂದಿನಿಂದ ಹೇಳಿಕೊಟ್ರು. ನಿಂತಿರೋರನ್ನ ಕೂರಿಸೋದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ," ಎಂದಳು ಹೆಂಡತಿ. ಕೋಪವಿರಲಿಲ್ಲ. ಕೋಪವಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಅತ್ತೆ ಅಂದು ಗಾದೆ ಹೇಳಲಿಲ್ಲ. ತಟ್ಟೆಯಣ್ಣನಿಗೆ ತನ್ನ ಇಡೀ ಸಂಸಾರವೇ ಕಣ್ಣ ಮುಂದೆ ಬಂತು. ಅದರಲ್ಲಿ ಎಲ್ಲರ ಲೋಟಗಳೂ ತುಂಬಿದ್ದವು, ಎಲ್ಲರ ಮಾತುಗಳೂ ಅರ್ಧಕ್ಕೆ ನಿಂತಿದ್ದವು. ಇಷ್ಟು ವರ್ಷ ಹೆಂಡತಿಯನ್ನು ರಾಣಿಯಂತೆ ನೋಡಿಕೊಂಡೆ ಎಂದುಕೊಂಡಿದ್ದ. ನೋಡಿಕೊಂಡದ್ದು ಗಿರಾಕಿಯಂತೆ. ಅವನು ತಟ್ಟೆ ನೋಡುತ್ತ ಅತ್ತುಬಿಟ್ಟ. ಹೆಂಡತಿ ನೀರಿನ ಲೋಟವನ್ನು, ಅದೇ ತಪ್ಪಾದ ರೀತಿಯಲ್ಲಿ ತುಟಿಯಿಡುವ ಅಂಚಿನಲ್ಲೇ ಹಿಡಿದು, ಅವನ ಮುಂದಿಟ್ಟಳು. ಅವನು ಪೂರ್ತಿ ಕುಡಿದ.

ಆ ವಾರ ಸಾಹೇಬರು ಹೋಟೆಲಿಗೆ ಬಂದಾಗ ತಟ್ಟೆಯಣ್ಣ ಅವರನ್ನು ಕಿಟಕಿಯ ಪಕ್ಕದ ಒಳ್ಳೆಯ ಟೇಬಲ್ಲಿಗೆ ಕರೆದೊಯ್ದು, ಹೊಗೆಯಾಡುವ ಚಹಾ ತಂದಿಟ್ಟ. ಸಾಹೇಬರು ಹೆದರಿ, ಹೋಟೆಲು ಮುಚ್ಚುತ್ತಿದ್ದೀರಾ ಎಂದು ಕೇಳಿದರು. ಅಭ್ಯಾಸವಿಲ್ಲದೆ ನಾಲಗೆಯನ್ನೂ ಸುಟ್ಟುಕೊಂಡರು.

ಎರಡನೆಯ ತಾಲೀಮಿನ ದಿನ ಬಂತು. ಗಾಳಿ ಚಳಿ ಹೊತ್ತು ತರುವ, ಮರಗಳು ಕುಳ್ಳಾಗುತ್ತ ಹೋಗಿ ಕೊನೆಗೆ ಹುಲ್ಲು ಮಾತ್ರ ಉಳಿಯುವ ಎತ್ತರ. ಈ ಸಲ ಗೈಡಮ್ಮ ಮುಂದೆ ನಿಂತು ಬೇಕೆಂದೇ ಬಸವನಹುಳುವಿನ ನಡಿಗೆ ಹಾಕಿದಳು. ಅವಳು ನಿಂತಲ್ಲೆಲ್ಲ ತಟ್ಟೆಯಣ್ಣ ಮೊದಲು ಕೂತ, ಬಾಟಲಿ ತೆಗೆದ, ಕುಡಿದ. ಸಂಜೆ ಟೆಂಟಿನ ಮುಂದೆ ಅಡುಗೆಯವನೊಬ್ಬ ಎಲ್ಲರಿಗೂ ಸೂಪ್ ಬಡಿಸಿದ. ಆ ಮಹಾರಾಯ ಬಟ್ಟಲನ್ನು ಅಂಚಿನ ತನಕ ತುಂಬಿ ಕೊಟ್ಟು, ಮುಗಿಸುವ ಮೊದಲೇ ಕಸಿದುಕೊಳ್ಳುತ್ತಿದ್ದ. ಡಾಕ್ಟರ ಸೂಪ್ ಅರ್ಧ ಪ್ಯಾಂಟಿನ ಮೇಲೆ ಚೆಲ್ಲಿತು. ತಂಗಿಯ ಲೋಟ ಎಷ್ಟೋ ಹೊತ್ತು ಬರಿದಾಗಿಯೇ ಇತ್ತು. ತಟ್ಟೆಯಣ್ಣನ ಕೈಗಳು ತೊಡೆಯ ಕೆಳಗಿದ್ದವು. ಗೈಡಮ್ಮ ಬೆಂಕಿಯ ಆಚೆ ಬದಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. ಕೊನೆಗೆ ತಂಗಿಯೇ ಎದ್ದು ನೀರು ಹಾಕಿಕೊಂಡಳು. ಲೋಕವೇನೂ ಮುಳುಗಲಿಲ್ಲ.

ಬೆಳಗ್ಗೆ ಎದ್ದಾಗ ಅವನ ತಲೆ ಸಿಡಿಯುತ್ತಿತ್ತು. ಹೊಟ್ಟೆ ತೊಳಸುತ್ತಿತ್ತು. ಗೈಡಮ್ಮ ಒಬ್ಬೊಬ್ಬರ ಟೆಂಟಿನ ಮುಂದೆ ನಿಂತು ಹೇಗಿದ್ದೀರಿ ಎಂದು ಕೇಳುತ್ತ ಬಂದಳು. ಡಾಕ್ಟರು ಫಸ್ಟ್ ಕ್ಲಾಸ್ ಎಂದರು. ಅಕ್ಕತಂಗಿಯರೂ ಹಾಗೇ ಎಂದರು. ಸಪ್ಲೈಯರಿಗೆ ಜ್ವರ ಬಂದರೂ ಗಿರಾಕಿಗೆ ತಿಳಿಯಬಾರದು, ಅದು ಅವನು ಮೊದಲು ಕಲಿತ ಪಾಠ. ಚೆನ್ನಾಗಿದ್ದೀನಿ ಎಂಬ ಮಾತು ಹಲ್ಲಿನ ತನಕ ಬಂದಿತ್ತು. ನಿಜ ಹೇಳಿದರೆ ಜಾಗ ಹೋಗಬಹುದು. ಹೇಳದೆ ಹೋದ ಮಾತಿಗೆ ಏನು ಬೆಲೆ ಬೀಳುತ್ತದೆ ಎಂಬುದೂ ಈಗ ಅವನಿಗೆ ಗೊತ್ತಿತ್ತು.

"ತಲೆ ನೋಯ್ತಾ ಇದೆ. ವಾಂತಿ ಬರೋ ಹಾಗಿದೆ. ಹೆದರಿಕೆನೂ ಆಗ್ತಿದೆ," ಎಂದ.

ಗೈಡಮ್ಮ ಅವನ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತಳು. ನೀರು ಕುಡಿಸಿದಳು, ನಾಡಿ ನೋಡಿದಳು, ಬೆಟ್ಟ ಹತ್ತುವವರಲ್ಲಿ ಅರ್ಧ ಜನಕ್ಕೆ ಇದು ಆಗುವುದೇ ಎಂದಳು. ಆಗುವುದನ್ನು ಹೇಳುವವರನ್ನು ಕರೆದುಕೊಂಡು ಹೋಗುತ್ತೇನೆ, ಬಚ್ಚಿಡುವವರನ್ನಲ್ಲ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು. ಟೆಂಟುಗಳ ಬಾಗಿಲು ಒಂದೊಂದಾಗಿ ತೆರೆದುಕೊಂಡವು. ತಮಗೂ ನಿನ್ನೆಯಿಂದ ಹೊಟ್ಟೆ ಸರಿಯಿಲ್ಲ ಎಂದು ಡಾಕ್ಟರು ಒಪ್ಪಿಕೊಂಡರು. ಅಕ್ಕನ ಹೆಬ್ಬೆರಳಿಗೆ ಬೂಟು ಕಚ್ಚಿತ್ತು. ತಂಗಿಗೆ ಅಕ್ಕನ ಗೊರಕೆಯಿಂದ ನಿದ್ದೆಯಿರಲಿಲ್ಲ. ಮಧ್ಯಾಹ್ನ ಕೆಳಗಿಳಿಯುವಷ್ಟರಲ್ಲಿ ತಟ್ಟೆಯಣ್ಣನ ತಲೆನೋವು ಮಾಯವಾಗಿತ್ತು, ಅವನ ಜಾಗ ಗಟ್ಟಿಯಾಗಿತ್ತು.

ವ್ಯಾನಿನಲ್ಲಿ ಮರಳುವಾಗ ಗೈಡಮ್ಮ ಇನ್ನೊಂದು ವಿಷಯ ಹೇಳಿದಳು. ಬೆಟ್ಟ ಹತ್ತಲಾಗದ ಮನೆಯವರು ನೇರವಾಗಿ ಸಫಾರಿಗೆ ಬಂದು ಸೇರಿಕೊಳ್ಳಬಹುದು. ಜೀಪಿನಲ್ಲಿ ಒಂದು ಜಾಗವಿದೆ. ಬೇಕಾದರೆ ನಾಳೆಯೊಳಗೆ ತಿಳಿಸಿ.

ಮನೆಗೆ ಬಂದಾಗ ಅತ್ತೆ ಒಳಗೆ ಮಲಗಿದ್ದರು. ಅವನ ಕಾಲು ನೆನೆಸಲು ಹೆಂಡತಿ ಒಲೆಯ ಮೇಲೆ ಒಂದು ಪಾತ್ರೆ ನೀರಿಟ್ಟಿದ್ದಳು. ಅವನು ಮೂಲೆಯ ಕುರ್ಚಿಗೆ ಹೋಗಿ ಕೂತ, ಎದುರಿಗೆ ಕೂರಲು ಅವಳಿಗೆ ಹೇಳಿದ. ತಾಲೀಮಿನಲ್ಲಿ ಪಾಸಾದದ್ದನ್ನು ಎರಡೇ ಮಾತಿನಲ್ಲಿ ಮುಗಿಸಿ, ಸಫಾರಿಯ ವಿಷಯ ಹೇಳಿದ.

"ನಿನಗೆ ಬರೋಕೆ ಮನಸ್ಸಿದೆಯಾ?" ಎಂದ.

ಅವಳು ಟೇಬಲ್ಲಿನ ಮೇಲೆ ಬಿದ್ದಿದ್ದ ಚೂರೊಂದನ್ನು ಬೆರಳಿನಿಂದ ಅಂಚಿನ ತನಕ ತಳ್ಳಿದಳು, ಹಿಂದಕ್ಕೆ ಎಳೆದುಕೊಂಡಳು. ಒಳಗೆ ನೀರು ಕುದಿಯತೊಡಗಿತು. ಪಾತ್ರೆಯ ಮುಚ್ಚಳ ಕಟಕಟ ಎಂದಿತು. ಅಂದು ಪಕ್ಕದ ಕುರ್ಚಿಯಲ್ಲಿ ಅತ್ತೆ ಇರಲಿಲ್ಲ, ದಾರಿ ತೆರೆದೇ ಇತ್ತು. ಮುಚ್ಚಳ ಜಾರಿ ಕೆಳಗೆ ಬಿದ್ದು ಠಣ್ಣೆಂದು ಉರುಳಿತು. ನೀರು ಉಕ್ಕಿ ಒಲೆಯ ಮೇಲೆ ಚುರ್ ಎಂದಿತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ತಟ್ಟೆಯಣ್ಣನೂ ಅವಳ ಮುಖವನ್ನೇ ನೋಡುತ್ತ ಕೂತೇ ಇದ್ದ. ಎಷ್ಟು ಹೊತ್ತಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಒಳಗಿನ ಸದ್ದು ನಿಂತುಹೋಗಿ ಸುಟ್ಟ ವಾಸನೆ ಬರತೊಡಗಿತು.

"ಇಷ್ಟೇ ಹೊತ್ತು," ಎಂದಳು ಹೆಂಡತಿ. ಅವಳ ಕಣ್ಣು ತುಂಬಿತ್ತು. "ಆವತ್ತು ಇಷ್ಟೇ ಹೊತ್ತು ಕೂತಿದ್ದಿದ್ರೆ ಸಾಕಾಗಿತ್ತು ನನಗೆ."

"ಹೌದು," ಎಂದ ಅವನು.

"ಬರ್ತೀನಿ," ಎಂದಳು ಅವಳು.

ಆಮೇಲೆ ಇಬ್ಬರೂ ಒಟ್ಟಿಗೇ ಎದ್ದು ಒಳಗೆ ಹೋಗಿ, ತಳ ಕಪ್ಪಾದ ಪಾತ್ರೆಯನ್ನು ಒಲೆಯಿಂದ ಇಳಿಸಿದರು.